ಸಾಮರ್ಥ್ಯ (ಭೌತಶಾಸ್ತ್ರ)

ಭೌತಶಾಸ್ತ್ರದಲ್ಲಿ ಸಾಮರ್ಥ್ಯ ಎಂದರೆ ಕೆಲಸ ನಡೆಯುವ ದರ. ಒಂದು ಸೆಕೆಂಡಿನಲ್ಲಿ ಎಷ್ಟು ಶಕ್ತಿಯು ಒಂದು ವಸ್ತುವಿನಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ ಅಥವಾ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಇದರ ಅಂತರರಾಷ್ಟ್ರೀಯ ಏಕಮಾನ ವ್ಯಾಟ್. ಒಂದು ಸೆಕೆಂಡಿನಲ್ಲಿ ಒಂದು ಜೌಲ್ ಕೆಲಸ ನಡೆದರೆ ಆ ಸಾಮರ್ಥ್ಯವು ಒಂದು ವ್ಯಾಟ್. ಸಾಮರ್ಥ್ಯವು ದಿಕ್ಕಿಲ್ಲದ, ಪರಿಮಾಣ ಮಾತ್ರವುಳ್ಳ ಅದಿಶ ರಾಶಿ. ಚಲಿಸುತ್ತಿರುವ ವಸ್ತುವಿನ ಮೇಲೆ ಅದರ ಚಲನೆಯ ದಿಕ್ಕಿನಲ್ಲಿಯೇ ಬಲವೊಂದು ವರ್ತಿಸುತ್ತಿದ್ದರೆ, ಆ ಕ್ಷಣದ ಸಾಮರ್ಥ್ಯವು ಬಲ ಮತ್ತು ವೇಗಗಳ ಗುಣಲಬ್ಧಕ್ಕೆ ಸಮವಾಗಿರುತ್ತದೆ. ವಾಹನಗಳು ಘಟ್ಟ ಹತ್ತುವುದು, ಪಂಪು ನೀರೆತ್ತುವುದು, ಜಲವಿದ್ಯುತ್ ಉತ್ಪಾದನೆ, ಬ್ರೇಕ್ ಹಾಕಿದ ವಾಹನ ನಿಲ್ಲುವುದು ಇವೆಲ್ಲವನ್ನೂ ಈ ಸಂಬಂಧದ ನೆರವಿನಿಂದ ವಿವರಿಸಬಹುದು.

ಪದಬಳಕೆ

ದಿನಬಳಕೆಯ ಕನ್ನಡದಲ್ಲಿ ಬಲ, ಶಕ್ತಿ, ಸಾಮರ್ಥ್ಯ ಎಂಬ ಪದಗಳನ್ನು ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿ ಬಳಸುವುದುಂಟು. ಭೌತಶಾಸ್ತ್ರದಲ್ಲಿ ಇವು ಮೂರು ಬೇರೆ ಬೇರೆ ರಾಶಿಗಳು. ವಸ್ತುವಿನ ಚಲನೆಯ ಸ್ಥಿತಿಯನ್ನು ಬದಲಿಸುವ ತಳ್ಳುವಿಕೆ ಅಥವಾ ಎಳೆತವೇ ಬಲ. ಇದರ ಏಕಮಾನ ನ್ಯೂಟನ್. ಕೆಲಸ ಮಾಡಲು ಒದಗಿರುವ ಬಂಡವಾಳವೇ ಶಕ್ತಿ. ಇದರ ಏಕಮಾನ ಜೌಲ್. ಆ ಬಂಡವಾಳ ಎಷ್ಟು ಬೇಗ ವ್ಯಯವಾಗುತ್ತಿದೆ ಎಂಬುದೇ ಸಾಮರ್ಥ್ಯ.

ಕೆಲವು ರೂಢಿಯ ಹೆಸರುಗಳು ಈ ಗೊಂದಲವನ್ನು ಉಳಿಸಿಕೊಂಡು ಬಂದಿವೆ. ‘ಅಶ್ವಶಕ್ತಿ’ ಎಂಬ ಹೆಸರಿನಲ್ಲಿ ಶಕ್ತಿಯಿದ್ದರೂ ಅದು ಸಾಮರ್ಥ್ಯದ ಏಕಮಾನ. ಇದಕ್ಕೆ ಪ್ರತಿಯಾಗಿ, ವಿದ್ಯುತ್ ಬಿಲ್ಲಿನಲ್ಲಿ ನಮೂದಾಗುವ ‘ಯೂನಿಟ್’ ಅಂದರೆ ಕಿಲೋವ್ಯಾಟ್-ಗಂಟೆ. ಇದರ ಹೆಸರಿನಲ್ಲಿ ವ್ಯಾಟ್ ಇದ್ದರೂ ಇದು ಶಕ್ತಿಯ ಏಕಮಾನ. 1,000 ವ್ಯಾಟ್ ಸಾಮರ್ಥ್ಯದ ಉಪಕರಣವು ಒಂದು ಗಂಟೆ ಕಾಲ ಬಳಸುವ ಶಕ್ತಿಯೇ ಒಂದು ಯೂನಿಟ್. ಇದು 36 ಲಕ್ಷ ಜೌಲ್‌ಗಳಿಗೆ ಸಮ. 100 ವ್ಯಾಟ್‌ನ ದೀಪ ಹತ್ತು ಗಂಟೆ ಉರಿದರೂ, 2,000 ವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೂ ಖರ್ಚಾಗುವುದು ಒಂದೇ ಯೂನಿಟ್. ಶಕ್ತಿ ಸಮನಾಗಿದ್ದರೂ ಸಾಮರ್ಥ್ಯ ಇಪ್ಪತ್ತು ಪಟ್ಟು ಬೇರೆ.

ಬಲ ಮತ್ತು ಚಲನೆ

ವಸ್ತುವು ಚಲಿಸುತ್ತಲೇ ಇರಬೇಕಾದರೆ ಅದನ್ನು ಯಾವುದಾದರೂ ಒಂದು ತಳ್ಳುತ್ತಲೇ ಇರಬೇಕು ಎಂಬುದು ಪ್ರಾಚೀನ ಗ್ರೀಸಿನ ಅರಿಸ್ಟಾಟಲನ ಅಭಿಪ್ರಾಯವಾಗಿತ್ತು. ನಿತ್ಯಾನುಭವಕ್ಕೆ ಇದು ಸರಿಯೆಂದೇ ತೋರುತ್ತದೆ: ತಳ್ಳುವುದನ್ನು ನಿಲ್ಲಿಸಿದರೆ ಕೈಗಾಡಿ ನಿಲ್ಲುತ್ತದೆ. ಗಾಡಿಯನ್ನು ನಿಲ್ಲಿಸುವುದು ಬಲದ ಅಭಾವವಲ್ಲ, ಘರ್ಷಣೆಯೆಂಬ ಇನ್ನೊಂದು ಬಲ ಎಂಬ ತಿಳಿವಳಿಕೆಗೆ ಇಟಲಿಯ ಗೆಲಿಲಿಯೋ ನಡೆಸಿದ ಇಳಿಜಾರು ಹಲಗೆಯ ಪ್ರಯೋಗಗಳು ದಾರಿ ಮಾಡಿಕೊಟ್ಟವು. ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಇದಕ್ಕೆ ಮೂರು ನಿಯಮಗಳ ರೂಪ ಕೊಟ್ಟನು.

ಮೊದಲ ನಿಯಮದಂತೆ, ಹೊರಗಿನ ನಿವ್ವಳ ಬಲವಿಲ್ಲದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ. ಎರಡನೆಯ ನಿಯಮದಂತೆ, ದ್ರವ್ಯರಾಶಿ ಬದಲಾಗದ ವಸ್ತುವಿನ ಮೇಲಿನ ನಿವ್ವಳ ಬಲವು ಅದರ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧಕ್ಕೆ ಸಮ. ಮೂರನೆಯ ನಿಯಮದಂತೆ, ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ ಮತ್ತು ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಬಸ್ಸಿನ ಮೇಲಿನ ನಿವ್ವಳ ಬಲ ಸೊನ್ನೆ. ಹಾಗಿದ್ದರೂ ಅದರ ಎಂಜಿನ್ ಡೀಸೆಲ್ ಸುಡುತ್ತಲೇ ಇರುತ್ತದೆ. ಚಕ್ರಗಳ ಮೂಲಕ ಎಂಜಿನ್ ಒದಗಿಸುವ ಮುಮ್ಮುಖ ಬಲವು ಗಾಳಿಯ ತಡೆ ಮತ್ತು ಚಕ್ರಗಳ ಉರುಳು ಘರ್ಷಣೆಗಳ ಮೊತ್ತಕ್ಕೆ ಸರಿಸಮವಾಗಿರುತ್ತದೆ. ಈ ತಡೆಗಳ ವಿರುದ್ಧ ಪ್ರತಿ ಸೆಕೆಂಡೂ ನಡೆಯುವ ಕೆಲಸಕ್ಕಾಗಿಯೇ ಇಂಧನ ಬೇಕಾಗುತ್ತದೆ.

ಕೆಲಸ ಮತ್ತು ಸಾಮರ್ಥ್ಯದ ವ್ಯಾಖ್ಯೆ

ಬಲವು ವಸ್ತುವೊಂದನ್ನು ತನ್ನ ದಿಕ್ಕಿನಲ್ಲಿ ಸರಿಸಿದಾಗ ಮಾತ್ರ ಭೌತಶಾಸ್ತ್ರದ ಅರ್ಥದಲ್ಲಿ ಕೆಲಸ ನಡೆಯುತ್ತದೆ. ಕೆಲಸವು ಬಲ ಮತ್ತು ಆ ಬಲದ ದಿಕ್ಕಿನಲ್ಲಾದ ಸ್ಥಾನಪಲ್ಲಟಗಳ ಗುಣಲಬ್ಧ. ಈ ಅರ್ಥದಲ್ಲಿ ‘ಕೆಲಸ’ ಎಂಬ ಪದವನ್ನು ಫ್ರಾನ್ಸಿನ ಗ್ಯಾಸ್ಪಾರ್ ಕೊರಿಯೊಲಿಸ್ 1829ರಲ್ಲಿ ಪ್ರಕಟವಾದ ಯಂತ್ರಗಳ ಕುರಿತಾದ ತನ್ನ ಗ್ರಂಥದಲ್ಲಿ ನೆಲೆಗೊಳಿಸಿದನು. ತಲೆಯ ಮೇಲೆ ಮೂಟೆ ಹೊತ್ತು ನಿಂತಿರುವ ಹಮಾಲನಿಗೆ ಎಷ್ಟೇ ಆಯಾಸವಾದರೂ ಮೂಟೆಯ ಮೇಲೆ ಕೆಲಸ ನಡೆಯುತ್ತಿರುವುದಿಲ್ಲ. ಅವನ ಸ್ನಾಯುಗಳೊಳಗೆ ವ್ಯಯವಾಗುವ ಶಕ್ತಿಯು ಶಾಖವಾಗಿ ಹೊರಬೀಳುತ್ತದೆ.

ಅವನು 50 ಕೆ.ಜಿ. ಮೂಟೆಯನ್ನು 3 ಮೀಟರ್ ಎತ್ತರದ ಅಟ್ಟಕ್ಕೆ ಸಾಗಿಸಿದರೆ ಮೂಟೆಯ ಮೇಲೆ ನಡೆದ ಕೆಲಸ 50 × 9.8 × 3, ಅಂದರೆ 1,470 ಜೌಲ್. ಹತ್ತು ಸೆಕೆಂಡಿನಲ್ಲಿ ಹತ್ತಿದರೆ ಸರಾಸರಿ ಸಾಮರ್ಥ್ಯ 147 ವ್ಯಾಟ್. ಮೂವತ್ತು ಸೆಕೆಂಡಿನಲ್ಲಿ ಹತ್ತಿದರೆ 49 ವ್ಯಾಟ್. ಎರಡೂ ಸಂದರ್ಭಗಳಲ್ಲಿ ಮೂಟೆಯ ಮೇಲೆ ನಡೆದ ಕೆಲಸ ಒಂದೇ. ಅವನು ತನ್ನ ದೇಹವನ್ನೂ ಎತ್ತಬೇಕಾಗಿರುವುದರಿಂದ, ದೇಹದ ತೂಕ 60 ಕೆ.ಜಿ. ಇದ್ದರೆ ಹತ್ತು ಸೆಕೆಂಡಿನ ಏರಿಕೆಗೆ ಒಟ್ಟು ಸುಮಾರು 323 ವ್ಯಾಟ್ ಬೇಕಾಗುತ್ತದೆ.

ಒಟ್ಟು ಕೆಲಸವನ್ನು ಒಟ್ಟು ಕಾಲದಿಂದ ಭಾಗಿಸಿದಾಗ ದೊರೆಯುವುದು ಸರಾಸರಿ ಸಾಮರ್ಥ್ಯ. ಅತ್ಯಂತ ಕಿರಿದಾದ ಕಾಲಾವಧಿಯಲ್ಲಿ ನಡೆದ ಕೆಲಸವನ್ನು ಆ ಅವಧಿಯಿಂದ ಭಾಗಿಸಿದಾಗ ದೊರೆಯುವುದು ಕ್ಷಣಿಕ ಸಾಮರ್ಥ್ಯ. ಬಲವು ಚಲನೆಯ ದಿಕ್ಕಿಗೆ ಲಂಬವಾಗಿದ್ದರೆ ಸಾಮರ್ಥ್ಯ ಸೊನ್ನೆಯಾಗುತ್ತದೆ. ವೃತ್ತಾಕಾರದ ಕಕ್ಷೆಯಲ್ಲಿ ಭೂಮಿಯನ್ನು ಸುತ್ತುವ ಉಪಗ್ರಹವನ್ನು ಗುರುತ್ವಬಲ ಸದಾ ಎಳೆಯುತ್ತಿದ್ದರೂ ಅದರ ಚಲನಶಕ್ತಿ ಹೆಚ್ಚದಿರುವುದಕ್ಕೆ ಇದೇ ಕಾರಣ. ಬಲವು ಚಲನೆಗೆ ವಿರುದ್ಧವಾಗಿದ್ದರೆ ಸಾಮರ್ಥ್ಯವು ಋಣಾತ್ಮಕವಾಗಿ, ವಸ್ತುವಿನಿಂದ ಶಕ್ತಿ ಹೊರಹೋಗುತ್ತದೆ.

ಏಕಮಾನಗಳು ಮತ್ತು ಇತಿಹಾಸ

ಯಂತ್ರಗಳ ಕಾರ್ಯವನ್ನು ಕುದುರೆಗಳ ದುಡಿಮೆಯೊಂದಿಗೆ ಹೋಲಿಸುವ ಪರಿಪಾಠ ಇಂಗ್ಲೆಂಡಿನ ಗಣಿ ಮತ್ತು ಗಿರಣಿಗಳಲ್ಲಿ ಆರಂಭವಾಯಿತು. 1702ರಲ್ಲಿಯೇ ಥಾಮಸ್ ಸೇವರಿ ಇಂಥ ಹೋಲಿಕೆಯನ್ನು ಸೂಚಿಸಿದ್ದನು. ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್ (1736–1819) ಉಗಿಯಂತ್ರಕ್ಕೆ ಪ್ರತ್ಯೇಕ ಸಾಂದ್ರಕವನ್ನು ಅಳವಡಿಸಿ 1769ರಲ್ಲಿ ಪೇಟೆಂಟ್ ಪಡೆದ ನಂತರ, ಗಿರಣಿ ಮಾಲೀಕರಿಗೆ ತನ್ನ ಯಂತ್ರವೊಂದು ಎಷ್ಟು ಕುದುರೆಗಳಿಗೆ ಬದಲಾಗಬಲ್ಲದು ಎಂಬುದನ್ನು ತಿಳಿಸಬೇಕಾಯಿತು. ಅದಕ್ಕಾಗಿ ಅವನು ಒಂದು ಕುದುರೆಯ ದುಡಿಮೆಯನ್ನು ನಿಮಿಷಕ್ಕೆ 33,000 ಅಡಿ-ಪೌಂಡ್ ಎಂದು ನಿಗದಿಪಡಿಸಿದನು. ಇದು ಸುಮಾರು 746 ವ್ಯಾಟ್‌ಗಳಿಗೆ ಸಮ. ಮೆಟ್ರಿಕ್ ಅಶ್ವಶಕ್ತಿ ಇದಕ್ಕಿಂತ ತುಸು ಕಡಿಮೆ, ಸುಮಾರು 735.5 ವ್ಯಾಟ್.

ಸಾಮರ್ಥ್ಯದ ಏಕಮಾನಕ್ಕೆ ವ್ಯಾಟ್‌ನ ಹೆಸರಿಡುವ ಸಲಹೆಯನ್ನು 1882ರಲ್ಲಿ ವಿಲಿಯಂ ಸೀಮೆನ್ಸ್ ಮುಂದಿಟ್ಟನು. 1960ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಏಕಮಾನ ಪದ್ಧತಿಯಲ್ಲಿ ಇದು ಸ್ಥಾನ ಪಡೆಯಿತು. ಭಾರತದಲ್ಲಿ ನೀರಾವರಿ ಪಂಪ್‌ಸೆಟ್, ಟ್ರ್ಯಾಕ್ಟರ್ ಮತ್ತು ರೈಲು ಎಂಜಿನ್‌ಗಳನ್ನು ಇಂದಿಗೂ ಅಶ್ವಶಕ್ತಿಯ (ಎಚ್.ಪಿ.) ಲೆಕ್ಕದಲ್ಲಿ ಹೇಳುವುದು ವಾಡಿಕೆ.

ಬಲ, ವೇಗ ಮತ್ತು ಸಾಮರ್ಥ್ಯದ ಸಂಬಂಧ

ಕೆಲಸವು ಬಲ ಮತ್ತು ಸ್ಥಾನಪಲ್ಲಟಗಳ ಗುಣಲಬ್ಧ. ಸ್ಥಾನಪಲ್ಲಟವನ್ನು ಕಾಲದಿಂದ ಭಾಗಿಸಿದರೆ ವೇಗ. ಆದುದರಿಂದ, ಬಲ ಮತ್ತು ಚಲನೆ ಒಂದೇ ದಿಕ್ಕಿನಲ್ಲಿದ್ದಾಗ:

ಸಾಮರ್ಥ್ಯ = ಬಲ × ವೇಗ

ಎಂಜಿನ್ನಿನ ಗರಿಷ್ಠ ಸಾಮರ್ಥ್ಯಕ್ಕೆ ಮಿತಿಯಿರುವುದರಿಂದ, ವೇಗ ಹೆಚ್ಚಿದಂತೆ ಅದು ಒದಗಿಸಬಲ್ಲ ಬಲ ಕಡಿಮೆಯಾಗಬೇಕಾಗುತ್ತದೆ. ಭಾರತೀಯ ರೈಲ್ವೆಯ 12,000 ಅಶ್ವಶಕ್ತಿಯ ಸರಕು ಎಂಜಿನ್ನಿನ ಸಾಮರ್ಥ್ಯ ಸುಮಾರು 9,000 ಕಿಲೋವ್ಯಾಟ್. ಗಂಟೆಗೆ 90 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 25 ಮೀಟರ್ ಸಾಗುವಾಗ, ಅದು ಹೆಚ್ಚೆಂದರೆ 360 ಕಿಲೋನ್ಯೂಟನ್ ಬಲದಿಂದ ಎಳೆಯಬಲ್ಲದು. ತೀರ ಕಡಿಮೆ ವೇಗದಲ್ಲಿ ಬಲಕ್ಕೆ ಮಿತಿ ಹಾಕುವುದು ಸಾಮರ್ಥ್ಯವಲ್ಲ, ಚಕ್ರ ಮತ್ತು ಹಳಿಗಳ ನಡುವಿನ ಹಿಡಿತ. ಅದನ್ನು ಮೀರಿದರೆ ಚಕ್ರಗಳು ಇದ್ದಲ್ಲಿಯೇ ಜಾರಿ ತಿರುಗುತ್ತವೆ.

ಗೇರುಗಳ ಪ್ರಯೋಜನವೂ ಇದೇ ಸಂಬಂಧದಿಂದ ಸ್ಪಷ್ಟವಾಗುತ್ತದೆ. ಗೇರುಗಳು ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ. ಘರ್ಷಣೆಯಿಂದಾಗಿ ತುಸು ಕಡಿಮೆಯನ್ನೇ ಮಾಡುತ್ತವೆ. ಲಾರಿಯ ಚಾಲಕ ಏರಿನಲ್ಲಿ ಮೊದಲನೆಯ ಗೇರಿಗೆ ಬಂದಾಗ ಚಕ್ರದ ವೇಗ ತಗ್ಗಿ, ಅದೇ ಸಾಮರ್ಥ್ಯದಿಂದ ಹೆಚ್ಚಿನ ಬಲ ದೊರೆಯುತ್ತದೆ.

ಸುತ್ತುವ ವಸ್ತುಗಳಲ್ಲಿ ಬಲದ ಸ್ಥಾನವನ್ನು ಟಾರ್ಕ್, ವೇಗದ ಸ್ಥಾನವನ್ನು ಕೋನೀಯ ವೇಗ ವಹಿಸುತ್ತವೆ. ನಿಮಿಷಕ್ಕೆ 3,000 ಸುತ್ತು ತಿರುಗುತ್ತ 100 ನ್ಯೂಟನ್-ಮೀಟರ್ ಟಾರ್ಕ್ ನೀಡುವ ಎಂಜಿನ್ನಿನ ಸಾಮರ್ಥ್ಯ ಸುಮಾರು 31.4 ಕಿಲೋವ್ಯಾಟ್, ಅಂದರೆ 42 ಅಶ್ವಶಕ್ತಿ. ಒಂದು ಟ್ರ್ಯಾಕ್ಟರಿಗೂ ಒಂದು ವೇಗದ ಮೋಟಾರ್ ಬೈಕಿಗೂ ಅಶ್ವಶಕ್ತಿ ಸಮನಾಗಿರಬಹುದು. ಟ್ರ್ಯಾಕ್ಟರು ನಿಧಾನವಾಗಿ ತಿರುಗಿ ಹೆಚ್ಚು ಟಾರ್ಕ್ ಕೊಡುತ್ತದೆ. ಬೈಕು ಬೇಗ ತಿರುಗಿ ಕಡಿಮೆ ಟಾರ್ಕ್ ಕೊಡುತ್ತದೆ.

ಘಟ್ಟದ ಏರು ಮತ್ತು ಇಳಿಜಾರು

ಪಶ್ಚಿಮ ಘಟ್ಟದಲ್ಲಿ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ ರೈಲು ಮಾರ್ಗದ ಇಳಿಜಾರು 50ಕ್ಕೆ 1ರಷ್ಟಿದೆ. ಅಂದರೆ 50 ಮೀಟರ್ ಸಾಗುವಲ್ಲಿ ಹಳಿಯ ಮಟ್ಟ ಒಂದು ಮೀಟರ್ ಬದಲಾಗುತ್ತದೆ. ಇಂಥ ಹಳಿಯ ಮೇಲೆ 1,000 ಟನ್ ತೂಕದ ರೈಲನ್ನು ಗುರುತ್ವವು ಕೆಳಕ್ಕೆ ಎಳೆಯುವ ಬಲ ಅದರ ತೂಕದ ಐವತ್ತನೆಯ ಒಂದು ಭಾಗ, ಸುಮಾರು 196 ಕಿಲೋನ್ಯೂಟನ್. ಗಂಟೆಗೆ 36 ಕಿ.ಮೀ. (ಸೆಕೆಂಡಿಗೆ 10 ಮೀಟರ್) ವೇಗದಲ್ಲಿ ಏರಬೇಕಾದರೆ ಗುರುತ್ವದ ವಿರುದ್ಧವೇ 1,960 ಕಿಲೋವ್ಯಾಟ್ ಸಾಮರ್ಥ್ಯ ಬೇಕು.

ಇಳಿಯುವಾಗ ಈ ಲೆಕ್ಕ ತಿರುಗುಮುರುಗಾಗುತ್ತದೆ. ಅದೇ ವೇಗದಲ್ಲಿ ಇಳಿಯುವ ಅದೇ ರೈಲಿನ ವೇಗ ಏರದಂತೆ ತಡೆಯಬೇಕಾದರೆ, ಗುರುತ್ವ ಒದಗಿಸುವ 1,960 ಕಿಲೋವ್ಯಾಟನ್ನು ಬ್ರೇಕುಗಳು ಮತ್ತು ಇತರ ತಡೆಗಳು ಪ್ರತಿ ಕ್ಷಣವೂ ಹೀರಿಕೊಳ್ಳಬೇಕು. ವೇಗ ಅರ್ಧವಾದರೆ ಇದೂ ಅರ್ಧವಾಗುತ್ತದೆ. ಇಳಿಜಾರಿನಲ್ಲಿ ಕಡಿಮೆ ವೇಗದ ಮಿತಿ ವಿಧಿಸುವುದಕ್ಕೆ ಇದೊಂದು ಮುಖ್ಯ ಕಾರಣ. ಬ್ರೇಕ್ ಹೀರಿದ ಶಕ್ತಿಯೆಲ್ಲ ಶಾಖವಾಗುತ್ತದೆ. ಶಾಖ ಹುಟ್ಟುವ ದರವು ಅದು ಗಾಳಿಗೆ ಸೇರಿಹೋಗುವ ದರವನ್ನು ಮೀರಿದರೆ ಬ್ರೇಕು ಕಾಯುತ್ತ ಹೋಗಿ, ಹಿಡಿತ ಕಳೆದುಕೊಳ್ಳುತ್ತದೆ. ಘಟ್ಟದ ರಸ್ತೆಗಳಲ್ಲಿ ಲಾರಿ ಮತ್ತು ಬಸ್ಸುಗಳನ್ನು ಕೆಳಗಿನ ಗೇರಿನಲ್ಲಿಯೇ ಇಳಿಸಬೇಕೆಂದು ಹೇಳುವುದು ಇದಕ್ಕಾಗಿ. ಆಗ ಎಂಜಿನ್ನೇ ಚಕ್ರಗಳನ್ನು ತಡೆಹಿಡಿದು, ಶಾಖದ ಒಂದು ಭಾಗವನ್ನು ತಾನೇ ಹೊರಹಾಕುತ್ತದೆ. ಇಳಿಜಾರಿನಲ್ಲಿ ಇಂಧನ ಉಳಿಸಲೆಂದು ಗಾಡಿಯನ್ನು ನ್ಯೂಟ್ರಲ್‌ಗೆ ತಂದರೆ ಇಡೀ ಹೊಣೆ ಬ್ರೇಕುಗಳ ಮೇಲೆ ಬೀಳುತ್ತದೆ. ವಿದ್ಯುತ್ ರೈಲು ಎಂಜಿನ್‌ಗಳಲ್ಲಿ ಇಳಿಯುವಾಗ ಮೋಟಾರುಗಳನ್ನು ಜನರೇಟರಿನಂತೆ ತಿರುಗಿಸಿ, ಈ ಶಕ್ತಿಯ ಸ್ವಲ್ಪ ಭಾಗವನ್ನು ತಂತಿಗೆ ಮರಳಿಸುವ ವ್ಯವಸ್ಥೆಯೂ ಇದೆ.

ಗಾಳಿಯ ತಡೆ

ವಾಹನಗಳ ಸಾಮಾನ್ಯ ವೇಗಗಳಲ್ಲಿ ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ. ಸಾಮರ್ಥ್ಯವು ಬಲ ಮತ್ತು ವೇಗಗಳ ಗುಣಲಬ್ಧವಾದುದರಿಂದ, ಈ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಒಂದು ಕಾರಿನ ಮೇಲೆ ಗಾಳಿಯ ತಡೆ 170 ನ್ಯೂಟನ್ ಇದ್ದರೆ ಅದಕ್ಕೆ 3.4 ಕಿಲೋವ್ಯಾಟ್ ಸಾಕು. ವೇಗ 144 ಕಿ.ಮೀ. ಆದಾಗ ತಡೆ ನಾಲ್ಕು ಪಟ್ಟಾಗಿ 680 ನ್ಯೂಟನ್, ಸಾಮರ್ಥ್ಯ ಎಂಟು ಪಟ್ಟಾಗಿ 27.2 ಕಿಲೋವ್ಯಾಟ್ ಆಗುತ್ತದೆ. ಪ್ರಯಾಣದ ಕಾಲ ಅರ್ಧವಾಗುವುದರಿಂದ, ಗಾಳಿಯ ತಡೆಗಾಗಿ ಪ್ರತಿ ಕಿಲೋಮೀಟರಿಗೆ ವ್ಯಯವಾಗುವ ಶಕ್ತಿ ಎಂಟಲ್ಲ, ನಾಲ್ಕು ಪಟ್ಟು ಹೆಚ್ಚುತ್ತದೆ.

ವಾಹನದ ನಿಲುಗಡೆ ಮತ್ತು ಅಪಘಾತ

ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ದ್ರವ್ಯರಾಶಿ ಮತ್ತು ವೇಗದ ವರ್ಗಗಳ ಗುಣಲಬ್ಧದ ಅರ್ಧ. 1,000 ಕೆ.ಜಿ. ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದಾಗ 50,000 ಜೌಲ್, 72 ಕಿ.ಮೀ. ವೇಗದಲ್ಲಿದ್ದಾಗ 2,00,000 ಜೌಲ್ ಚಲನಶಕ್ತಿ ಹೊಂದಿರುತ್ತದೆ. ಬ್ರೇಕು 5,000 ನ್ಯೂಟನ್ ಸ್ಥಿರ ಬಲದಿಂದ ತಡೆದರೆ ಮೊದಲನೆಯದು 10 ಮೀಟರಿನಲ್ಲಿ, ಎರಡನೆಯದು 40 ಮೀಟರಿನಲ್ಲಿ ನಿಲ್ಲುತ್ತದೆ. ಅಪಾಯವನ್ನು ಕಂಡ ಚಾಲಕ ಬ್ರೇಕ್ ಒತ್ತಲು ಒಂದು ಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ ಕಾರು ಕ್ರಮವಾಗಿ 10 ಮತ್ತು 20 ಮೀಟರ್ ಮುಂದೆ ಸಾಗಿರುತ್ತದೆ. ಒಟ್ಟು ದೂರ ಮೊದಲನೆಯದಕ್ಕೆ 20, ಎರಡನೆಯದಕ್ಕೆ 60 ಮೀಟರ್. ವೇಗ ಎರಡು ಪಟ್ಟಾದಾಗ ನಿಲ್ಲಲು ಬೇಕಾದ ದೂರ ಮೂರು ಪಟ್ಟಾಗಿದೆ. ಮಳೆಯಿಂದ ರಸ್ತೆ ಒದ್ದೆಯಾಗಿ ಟೈರಿನ ಹಿಡಿತ ಕಡಿಮೆಯಾದರೆ ಈ ಅಂತರ ಇನ್ನೂ ಬೆಳೆಯುತ್ತದೆ.

72 ಕಿ.ಮೀ. ವೇಗದ ಕಾರು ಮೇಲಿನಂತೆ 4 ಸೆಕೆಂಡಿನಲ್ಲಿ ನಿಂತರೆ ಅದರಿಂದ ಶಕ್ತಿ ಹೊರಹೋಗುವ ಸರಾಸರಿ ದರ 50 ಕಿಲೋವ್ಯಾಟ್. ಬ್ರೇಕ್ ಹಿಡಿದ ಮೊದಲ ಕ್ಷಣದಲ್ಲಿ ಈ ದರ 100 ಕಿಲೋವ್ಯಾಟ್ ಇದ್ದು, ವೇಗ ಇಳಿದಂತೆ ಸೊನ್ನೆಗೆ ಇಳಿಯುತ್ತದೆ. ಅದೇ ಕಾರು ಗೋಡೆಗೆ ಬಡಿದು 0.1 ಸೆಕೆಂಡಿನಲ್ಲಿ ನಿಂತರೆ ಸರಾಸರಿ ದರ 2,000 ಕಿಲೋವ್ಯಾಟ್ ಆಗುತ್ತದೆ. ಚಲನಶಕ್ತಿ ಎರಡೂ ಕಡೆ ಒಂದೇ. ಅದು ಬರಿದಾಗಲು ಸಿಕ್ಕ ಕಾಲ ಮಾತ್ರ ಬೇರೆ.

ಪ್ರಯಾಣಿಕನ ಮೇಲೆ ಬೀಳುವ ಬಲವನ್ನು ಸಂವೇಗದ ಬದಲಾವಣೆಯಿಂದ ಲೆಕ್ಕ ಹಾಕಬಹುದು. 60 ಕೆ.ಜಿ. ತೂಕದ ವ್ಯಕ್ತಿ ಸೆಕೆಂಡಿಗೆ 20 ಮೀಟರ್ ವೇಗದಿಂದ 0.1 ಸೆಕೆಂಡಿನಲ್ಲಿ ನಿಂತರೆ ಸರಾಸರಿ ಬಲ 12,000 ನ್ಯೂಟನ್. ಸೀಟ್ ಬೆಲ್ಟ್ ಇಲ್ಲದೆ ಮುಂದಕ್ಕೆ ಚಿಮ್ಮಿ, ಗಟ್ಟಿಯಾದ ಭಾಗಕ್ಕೆ ಬಡಿದು 0.02 ಸೆಕೆಂಡಿನಲ್ಲಿ ನಿಂತರೆ ಅದು 60,000 ನ್ಯೂಟನ್. ಸೀಟ್ ಬೆಲ್ಟ್, ಏರ್‌ಬ್ಯಾಗ್, ಢಿಕ್ಕಿಯಲ್ಲಿ ಮಡಚಿಕೊಳ್ಳುವಂತೆ ರೂಪಿಸಿದ ಕಾರಿನ ಮುಂಭಾಗ ಮತ್ತು ಹೆಲ್ಮೆಟ್ಟಿನ ಒಳಗಿನ ಮೆತ್ತೆ ಇವೆಲ್ಲವೂ ನಿಲ್ಲುವ ಕಾಲವನ್ನು ಹಿಗ್ಗಿಸುತ್ತವೆ. ಬೆಲ್ಟ್ ಮತ್ತು ಏರ್‌ಬ್ಯಾಗ್‌ಗಳು ಬಲವನ್ನು ದೇಹದ ಅಗಲವಾದ ಭಾಗಕ್ಕೆ ಹಂಚುತ್ತವೆ. ಹೆಲ್ಮೆಟ್ಟಿನ ಮೆತ್ತೆ ಒಮ್ಮೆ ಜಜ್ಜಿಹೋದರೆ ಮತ್ತೆ ಅಷ್ಟೇ ರಕ್ಷಣೆ ನೀಡಲಾರದು. ಆದ್ದರಿಂದ ಬಲವಾದ ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಬಿರುಕು ಕಾಣದಿದ್ದರೂ, ಬಳಕೆಗೆ ಯೋಗ್ಯವಲ್ಲ.

ಬೀಳುವ ನೀರು ಮತ್ತು ಎತ್ತುವ ನೀರು

ಎತ್ತರದಿಂದ ಬೀಳುವ ನೀರಿನಿಂದ ದೊರೆಯುವ ಸಾಮರ್ಥ್ಯವು ಪ್ರತಿ ಸೆಕೆಂಡಿಗೆ ಬೀಳುವ ನೀರಿನ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 100 ಮೀಟರ್ ಇಳಿದರೆ 980 ಕಿಲೋವ್ಯಾಟ್ ದೊರೆಯುತ್ತದೆ; ಟರ್ಬೈನ್ ಮತ್ತು ಜನರೇಟರುಗಳ ದಕ್ಷತೆಗೆ ತಕ್ಕಂತೆ ಇದರಲ್ಲಿ ಸ್ವಲ್ಪ ನಷ್ಟವಾಗುತ್ತದೆ. ಮೈಸೂರು ಸಂಸ್ಥಾನವು ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭಿಸಿದ ಜಲವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಸಾಗಿಸಲಾಯಿತು. 1905ರಲ್ಲಿ ಬೆಂಗಳೂರಿಗೂ ಅಲ್ಲಿಂದ ವಿದ್ಯುತ್ ದೊರೆಯಿತು. ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 1,035 ಮೆಗಾವ್ಯಾಟ್. ಸ್ಥಾಪಿತ ಸಾಮರ್ಥ್ಯವೆಂದರೆ ಯಂತ್ರಗಳು ತಲುಪಬಲ್ಲ ಗರಿಷ್ಠ ದರ. ವರ್ಷದಲ್ಲಿ ಒಟ್ಟು ಎಷ್ಟು ಶಕ್ತಿ ದೊರೆಯುತ್ತದೆ ಎಂಬುದು ಜಲಾಶಯಕ್ಕೆ ಹರಿದು ಬಂದ ನೀರನ್ನು ಅವಲಂಬಿಸಿದೆ.

ನೀರೆತ್ತುವುದು ಇದರ ವಿಲೋಮ ಕ್ರಿಯೆ. ಹಿಂದೆ ಬಳಕೆಯಲ್ಲಿದ್ದ ಕಪಿಲೆ ಬಾವಿಗಳಲ್ಲಿ ಎತ್ತುಗಳು ಇಳಿಜಾರಿನಲ್ಲಿ ನಡೆಯುತ್ತ ಹಗ್ಗ ಎಳೆದು, ನೀರು ತುಂಬಿದ ತೊಗಲಿನ ಚೀಲವನ್ನು ಮೇಲೆತ್ತುತ್ತಿದ್ದವು. ಇಳಿಯುವಾಗ ಎತ್ತುಗಳ ತೂಕವೂ ಎಳೆತಕ್ಕೆ ನೆರವಾಗುತ್ತಿತ್ತು. ಆ ತೂಕವನ್ನು ಮತ್ತೆ ಮೇಲಕ್ಕೆ ಒಯ್ಯುವ ಕೆಲಸವನ್ನು ಅವು ಬರಿದಾದ ಚೀಲ ಬಾವಿಗಿಳಿಯುವ ಹೊತ್ತಿನಲ್ಲಿ ಮಾಡುತ್ತಿದ್ದವು. ಹೀಗೆ ಒಂದು ಸುತ್ತಿನ ಕೆಲಸವು ಇಡೀ ಸುತ್ತಿನ ಕಾಲದ ಮೇಲೆ ಹಂಚಿಹೋಗಿ, ಕೆಲಸದ ಹೊತ್ತಿನ ಹೊರೆ ಹಗುರಾಗುತ್ತಿತ್ತು.

ಇಂದಿನ 5 ಅಶ್ವಶಕ್ತಿಯ ಪಂಪ್‌ಸೆಟ್ಟಿನ ಸಾಮರ್ಥ್ಯ ಸುಮಾರು 3,730 ವ್ಯಾಟ್. ಅದರ ಅರ್ಧದಷ್ಟು ನೀರೆತ್ತಲು ಬಳಕೆಯಾಗುತ್ತದೆ ಎಂದು ಭಾವಿಸಿದರೆ, 50 ಮೀಟರ್ ಆಳದಿಂದ ಸೆಕೆಂಡಿಗೆ ಸುಮಾರು 3.8 ಲೀಟರ್, 100 ಮೀಟರ್ ಆಳದಿಂದ 1.9 ಲೀಟರ್, 300 ಮೀಟರ್ ಆಳದಿಂದ ಸುಮಾರು 0.6 ಲೀಟರ್ ನೀರು ಮಾತ್ರ ದೊರೆಯಬಲ್ಲದು. ಆಯಾ ಆಳಕ್ಕೆ ತಕ್ಕ ಪಂಪನ್ನು ಆಯ್ದುಕೊಂಡರೂ ಈ ಮಿತಿಯನ್ನು ದಾಟಲಾಗದು. ಅಂತರ್ಜಲ ಕುಸಿದ ಪ್ರದೇಶಗಳಲ್ಲಿ ಅದೇ ಹೊಲಕ್ಕೆ ಅಷ್ಟೇ ನೀರು ಹರಿಸಲು ಹೆಚ್ಚು ಅಶ್ವಶಕ್ತಿಯ ಮೋಟಾರು ಅಥವಾ ಹೆಚ್ಚು ಗಂಟೆಗಳ ವಿದ್ಯುತ್ ಬೇಕಾಗುವುದು ಇದರಿಂದಲೇ.

ಮನುಷ್ಯನ ಸಾಮರ್ಥ್ಯ

ದಿನಕ್ಕೆ 2,000 ಕಿಲೋಕ್ಯಾಲೊರಿ ಆಹಾರ ಸೇವಿಸುವ ವ್ಯಕ್ತಿಯ ದೇಹವು ದಿನವಿಡೀ ಸರಾಸರಿ 97 ವ್ಯಾಟ್ ದರದಲ್ಲಿ ಶಕ್ತಿ ಬಳಸುತ್ತದೆ. ಇದರ ಬಹುಭಾಗ ಉಸಿರಾಟ, ರಕ್ತಪರಿಚಲನೆ ಮೊದಲಾದ ಕ್ರಿಯೆಗಳಿಗೆ ಬಳಕೆಯಾಗಿ ಶಾಖವಾಗುತ್ತದೆ. ಮೆಟ್ಟಿಲುಗಳನ್ನು ಓಡಿ ಹತ್ತುವಾಗ ಕೆಲವು ಸೆಕೆಂಡುಗಳ ಮಟ್ಟಿಗೆ ಹಲವು ನೂರು ವ್ಯಾಟ್ ಸಾಧ್ಯವಾದರೂ, ಗಂಟೆಗಟ್ಟಲೆ ದುಡಿಯುವಾಗ ಆರೋಗ್ಯವಂತ ವ್ಯಕ್ತಿಯ ಸ್ನಾಯುಗಳು ಒದಗಿಸುವುದು ಸುಮಾರು 75ರಿಂದ 100 ವ್ಯಾಟ್ ಮಾತ್ರ. ಈ ದರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸಮನಾದ ಕೆಲಸ ಮಾಡಲು ಹತ್ತು ಗಂಟೆಗೂ ಹೆಚ್ಚು ಕಾಲ ಬಿಡದೆ ದುಡಿಯಬೇಕಾಗುತ್ತದೆ.

ಇವನ್ನೂ ನೋಡಿ

ನ್ಯೂಟನ್ನನ ಚಲನೆಯ ನಿಯಮಗಳು
ಚಲನಶಕ್ತಿ
ಸಂವೇಗ
ಘರ್ಷಣೆ
ಅಶ್ವಶಕ್ತಿ
ಜಲವಿದ್ಯುತ್